ತಿಮ್ಮಪ್ಪನವರ ಒಂಟಿನಳಿಗೆ ಕೋವಿ

ಒಂದೂರಿಗೆ ಒಬ್ಬ ರಾಜ. ಅವನ ರಾಜ್ಯ ಐದು ವರ್ಷಕ್ಕೊಮ್ಮೆ ಕಳೆದುಹೋಗುತ್ತಿತ್ತು. ಕಳೆದಾಗಲೆಲ್ಲ ಜೋಯಿಸರು ಒಂದೇ ಪರಿಹಾರ ಹೇಳುತ್ತಿದ್ದರು: ಊರಿನ ಕೋವಿಗಳನ್ನೆಲ್ಲ ತಂದು ಒಂದು ಕೋಣೆಯಲ್ಲಿಟ್ಟು ಬೀಗ ಹಾಕಬೇಕು, ಆಮೇಲೆ ಜನರ ಬೆರಳಿಗೆ ಕರಿಬೊಟ್ಟು ಇಡಬೇಕು, ಆಗ ರಾಜ್ಯ ಅವನಿಗೋ ಬೇರೊಬ್ಬನಿಗೋ ಸಿಗುತ್ತದೆ. ಕೋವಿ ತರಲು ರಾಜ ಸೇವಕರನ್ನು ಅಟ್ಟುತ್ತಿದ್ದ. ಆ ಸೇವಕರಲ್ಲಿ ಒಬ್ಬಳು ನಾನು.

ನನ್ನ ಅಜ್ಜಿ ಗುಡ್ಡಮ್ಮನ ಕಥೆಗಳು ಹೀಗೇ ಶುರುವಾಗುತ್ತವೆ. ರಾಜನ ಸೇವಕರು ಅವುಗಳಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ಬಾಗಿಲು ಬಡಿಯುತ್ತಾರೆ, ಯಾರನ್ನೋ ಎಳೆದೊಯ್ಯುತ್ತಾರೆ, ಕಥೆ ಮುಂದೆ ಹೋಗುತ್ತದೆ. ನಾನು ಪೊಲೀಸ್ ಕಾನ್‌ಸ್ಟೇಬಲ್ ಆಗಿ ಆಯ್ಕೆಯಾದ ದಿನ ಅಜ್ಜಿ ಎಸ್ಟೇಟಿನ ಕೂಲಿ ಲೈನಿನ ನಮ್ಮ ಮನೆಯ ಮುಂದೆ ಕೂತು, "ಅಷ್ಟು ಕಥೆ ಹೇಳಿದ್ನಲ್ಲ, ಅದ್ರಾಗೆ ರಾಜಕುಮಾರಿ ಇದ್ಲು, ಮಾತಾಡೋ ಗಿಣಿ ಇತ್ತು, ಉಂಗುರ ನುಂಗಿದ ಮೀನಿತ್ತು. ನಿಂಗೆ ಸೇವಕನೇ ಆಗ್ಬೇಕಾಯ್ತಾ?" ಎಂದಳು. ಮೀನಿನ ಹುದ್ದೆಗೆ ಅರ್ಜಿ ಕರೆದಿರಲಿಲ್ಲ.

ಎರಡು ಸಾವಿರದ ಎಂಟರ ಬೇಸಿಗೆಗೆ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಶೃಂಗೇರಿಗೆ ಬರುವ ದೊಡ್ಡವರ ಬಂದೋಬಸ್ತಿಗೆ ಹನ್ನೊಂದು ಸಲ ನಿಂತಿದ್ದೆ. ರಸ್ತೆಗೆ ಬೆನ್ನು ಹಾಕಿ ನಿಲ್ಲಬೇಕಾದ್ದರಿಂದ ಒಬ್ಬ ದೊಡ್ಡವರನ್ನೂ ನೋಡಿರಲಿಲ್ಲ. ಪ್ರಶ್ನೆಪತ್ರಿಕೆಯ ಪೆಟ್ಟಿಗೆ ಕಾದಿದ್ದೆ. ಮನೆ ಬಿಟ್ಟು ಹೋದ ಹುಡುಗಿಯೊಬ್ಬಳನ್ನು ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ತಾಯಿಗೆ ಒಪ್ಪಿಸಿದ್ದೆ. ಮರುವಾರ ಅವಳು ಮತ್ತೆ ಹೋದಳು, ಈ ಸಲ ಬೇರೆ ಬಸ್‌ಸ್ಟ್ಯಾಂಡಿನಿಂದ. ನಾನು ಅವಳಿಗೆ ಕಲಿಸಿದ್ದು ಅಷ್ಟು.

ಆ ಹೊತ್ತಿಗೆ ಅಪ್ಪ ಜಟ್ಟಪ್ಪನ ಪರಿಚಯದ ಗಣಪತಿ ಎನ್ನುವವರು ಶೆಟ್ಟಿಕೊಪ್ಪದ ಕಡೆಯ ಒಂದು ಸೊಸೈಟಿಯಲ್ಲಿ ಗುಮಾಸ್ತೆಯ ಕೆಲಸ ಖಾಲಿಯಿದೆ ಎಂದರು. ಕೂರಲು ಕುರ್ಚಿ, ತಲೆಯ ಮೇಲೆ ಫ್ಯಾನು, ವಾರಕ್ಕೊಂದು ಭಾನುವಾರ. ಜೂನ್ ಎರಡು, ಸೋಮವಾರ ಸಂಜೆ ಐದರೊಳಗೆ ಬಂದು ಸಹಿ ಹಾಕಬೇಕು. ಬರದಿದ್ದರೆ ಪಟ್ಟಿಯಲ್ಲಿ ಇನ್ನೊಬ್ಬಳಿದ್ದಾಳೆ.

ನಾನು ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡೆ. ಕೊಡುವ ಮೊದಲು ನಮ್ಮ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಪುಟ್ಟಪ್ಪನವರನ್ನು ಕೇಳಿದೆ.

"ಸಾರ್, ಈ ಕೆಲ್ಸದಲ್ಲಿ ಇರೋದು ಒಳ್ಳೇದಾ?"

ಅವರ ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.

"ಮದುವೆಗೆ ಕರೀತಾರೆ ಮಾರಾಯ್ತಿ. ಮೊದಲ್ನೇ ಪಂಕ್ತೀಲೇ ಕೂರಿಸ್ತಾರೆ. ಪಕ್ಕದ ಎಲೆಗೆ ಮಾತ್ರ ಯಾರೂ ಕೂರಲ್ಲ."

"ಮತ್ತೆ?"

"ಮತ್ತೆಂತ. ಎರಡು ಎಲೇದೂ ಹೋಳಿಗೆ ನಮಗೇ."

ಇದು ಹೌದೋ ಅಲ್ಲವೋ ಎಂದು ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಚುನಾವಣೆ ಬಂತು.

ನಮ್ಮ ಕಡೆ ಬೆಳೆಗೆ ಬರುವ ಮಂಗ, ಹಂದಿ ಓಡಿಸಲು ರೈತರು ಲೈಸೆನ್ಸಿನ ಕೋವಿ ಇಟ್ಟುಕೊಂಡಿರುತ್ತಾರೆ. ಚುನಾವಣೆಗೆ ಮುಂಚೆ ಅದನ್ನು ಠಾಣೆಯಲ್ಲಿ ಇಡಬೇಕು, ಎಲ್ಲ ಮುಗಿದ ಮೇಲೆ ವಾಪಸು ಒಯ್ಯಬೇಕು. ಚುನಾವಣೆ ಬಂದದ್ದು ಎಲ್ಲರಿಗಿಂತ ಮೊದಲು ಮಂಗಗಳಿಗೆ ತಿಳಿಯುತ್ತದೆ ಎಂದು ಜನ ಹೇಳುತ್ತಾರೆ. ಆ ಸಲ ಎಲ್ಲರ ಕೋವಿಯೂ ಬಂತು, ಹಿರೇಕೊಡಿಗೆಯ ತಿಮ್ಮಪ್ಪನವರದ್ದು ಬಿಟ್ಟು. ಶನಿವಾರ ಸಂಜೆ ಕೊನೆಯ ಗಡುವು, ಮೀರಿದರೆ ಕೇಸು. ಎಪ್ಪತ್ತೊಂದು ವರ್ಷದವರ ಮೇಲೆ ಕೇಸು ಹಾಕಲು ನಮ್ಮ ಸಬ್‌ಇನ್‌ಸ್ಪೆಕ್ಟರಿಗೂ ಮನಸ್ಸಿರಲಿಲ್ಲ. ಹೆಣ್ಣುಮಗಳು ಹೋದರೆ ಮೆತ್ತಗೆ ಮಾತಾಡುತ್ತಾಳೆ ಎಂದು ನನ್ನನ್ನು ಕಳಿಸಿದರು.

ತಿಮ್ಮಪ್ಪನವರು ಜಗಲಿಯಲ್ಲಿ ಕೂತಿದ್ದರು. ಕೋವಿ ಅವರ ತಲೆಯ ಮೇಲೆ ಮೊಳೆಯಲ್ಲಿ ತೂಗುತ್ತಿತ್ತು. ಅವರ ಹೆಂಡತಿ ಜಲಜಮ್ಮ ಬೆಲ್ಲ, ನೀರು ತಂದಿಟ್ಟರು.

"ಕೋವಿ ಕೊಡಿ ತಿಮ್ಮಪ್ಪನೋರೇ. ರಸೀದಿ ಬರ್ಕೊಡ್ತೀನಿ."

"ರಸೀದಿ ಇದೆ." ಅವರು ಒಳಗೆ ಹೋಗಿ ಹಳೆಯ ರಸೀದಿಯೊಂದನ್ನು ತಂದು ತೋರಿಸಿದರು. "ಹೋದ ಸಲದ್ದು. ರಸೀದಿ ನಂದೇ. ವಾಪಸ್ ಬಂದ ಕೋವಿ ನಂದಲ್ಲ. ನಂದು ಬಸರೀಕಟ್ಟೆಲಿ ಯಾರದೋ ಮನೆ ಗೋಡೇಲಿ ಎರಡು ವರ್ಷ ನೇತಾಡ್ತಿತ್ತು. ಹುಡುಕಿ ತರೋ ಹೊತ್ತಿಗೆ ನಾಲ್ಕು ಜೊತೆ ಚಪ್ಪಲಿ ಸವೀತು."

"ನೋಡೋಕೆ ಎಲ್ಲಾ ಒಂದೇ ಥರ ಇರ್ತವಲ್ಲ?"

"ನಾನೂ ಅದನ್ನೇ ಹೇಳ್ದೆ ಕಣೇ," ಎಂದರು ಜಲಜಮ್ಮ. "ಆರು ತಿಂಗಳು ನನ್ನತ್ರ ಮಾತು ಬಿಟ್ಟಿದ್ರು. ಮನೇಲಿ ಅಷ್ಟು ನೆಮ್ಮದಿ ಯಾವತ್ತೂ ಇರ್ಲಿಲ್ಲ."

ತಿಮ್ಮಪ್ಪನವರಿಗೆ ಕಾಗದ ಬೇಡವಾಗಿತ್ತು. ಅವರಿಗೆ ಬೇಕಾದದ್ದು ಹಿತ್ತಿಲಿನ ಬೂತಪ್ಪನ ಕಲ್ಲಿನ ಮುಂದೆ ಕಾಯಿ ಮುಟ್ಟಿ ಒಂದು ಮಾತು. ಆ ಕಡೆಯ ಮನೆಗಳಲ್ಲಿ ಏನಾದರೂ ಕಳೆದರೆ ಮೊದಲ ದೂರು ಬೂತಪ್ಪನಿಗೆ ಹೋಗುತ್ತದೆ, ಅವನು ಪತ್ತೆ ಮಾಡದಿದ್ದರೆ ನಮಗೆ. ಹಾಗಾಗಿ ಅವನು ನಮಗಿಂತ ಸೀನಿಯರ್. ಕಲ್ಲಿನ ಮುಂದೆ ನಿಂತು ನಾನು ಬೂಟಿನ ಲೇಸು ಬಿಚ್ಚಿದೆ. ಟೋಪಿ ತೆಗೆಯಬೇಕೋ ಬೇಡವೋ ಎಂದು ಮೂವರಿಗೂ ಗೊತ್ತಿರಲಿಲ್ಲ.

"ಪೊಲೀಸರು ತಂದುಕೊಡ್ತಾರೆ," ಎಂದೆ ಕಾಯಿ ಮುಟ್ಟಿ.

"ಅದು ಆಗ್ಲಿಕ್ಕಿಲ್ಲ. ಪೊಲೀಸರು ಅಂದ್ರೆ ಯಾರು ಅಂತ ಬೂತಪ್ಪ ಹುಡುಕ್ಲಿ? ಇವತ್ತೊಬ್ಬ, ನಾಳೆಗೊಬ್ಬ. ಹೆಸ್ರು ಹೇಳು ತಂಗಿ."

"ಶಾಲಿನಿ ಆದ ನಾನು ಇವರ ಕೋವಿ, ಇವರದ್ದೇ ಕೋವಿ, ನನ್ನ ಕೈಯಾರೆ ತಂದುಕೊಡ್ತೀನಿ."

ಎರಡು ವರ್ಷದಲ್ಲಿ ಜನ ನನ್ನನ್ನು ಕಂಡು 'ಪೊಲೀಸ್ ಬಂತು' ಎಂದಿದ್ದರು, ಮಳೆ ಬಂತು ಎನ್ನುವ ಹಾಗೆ. ಯಾರೂ ಹೆಸರು ಕೇಳಿರಲಿಲ್ಲ. ಬಸ್ಸಿನಲ್ಲಿ ಕೋವಿ ಮಡಿಲಲ್ಲಿಟ್ಟುಕೊಂಡು ಬರುವಾಗ ಆ 'ಹೆಸ್ರು ಹೇಳು ತಂಗಿ'ಯನ್ನು ಎರಡು ಸಲ ನೆನೆಸಿಕೊಂಡೆ.

ಬೂತಪ್ಪನ ಮುಂದೆ ಮಾತು ಕೊಟ್ಟದ್ದನ್ನು ಅಜ್ಜಿಗೆ ಹೇಳಿದಾಗ ಅವಳು ಕಷ್ಟಕ್ಕೆ ಸಿಕ್ಕಿದಳು. ನಾನು ಖಾಕಿ ಬಿಡಲೆಂದು ಅವಳು ಹರಕೆ ಹೊತ್ತಿದ್ದಳು. ಕಾಡಿನಲ್ಲಿ ಪೊಲೀಸರು ನಕ್ಸಲರನ್ನು ಹುಡುಕಿ ಕೂಂಬಿಂಗ್ ನಡೆಸುತ್ತಿದ್ದ ವರ್ಷಗಳು ಅವು. ನಮ್ಮ ತಂಡ ಅದಲ್ಲವೆಂದರೂ ಅವಳು ನಂಬುತ್ತಿರಲಿಲ್ಲ. ಆದರೆ ಅವಳು ಹರಕೆ ಹೊತ್ತದ್ದೂ ಬೂತಪ್ಪನಿಗೇ.

"ಈಗ ಅವ್ನು ಯಾರ ಮಾತು ಕೇಳ್ಬೇಕು?" ಎಂದಳು. "ಕೆಲ್ಸ ಬಿಡು. ಆದ್ರೆ ಕೋವಿ ಕೊಟ್ಟು ಬಿಡು."

ಎಣಿಕೆ ಮುಗಿಯಿತು, ರಾಜ್ಯ ಒಬ್ಬರಿಗೆ ಸಿಕ್ಕಿತು. ಕೋವಿ ವಾಪಸು ಕೊಡುವ ಆದೇಶ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದು, ಕೊನೆಗೆ ಬಂದದ್ದು ಜೂನ್ ಎರಡು, ಸೋಮವಾರ ಬೆಳಗ್ಗೆ.

ಕೋಣೆಯ ಬೀಗ ತೆಗೆದೆವು. ಕೋವಿಗಳಿಗೆ ಹೆಸರಿನ ಚೀಟಿ ಅಂಟಿಸಿದ್ದು ಮೈದಾ ಅಂಟಿನಿಂದ. ಮೈದಾ ಜಿರಳೆಗಳಿಗೆ ಇಷ್ಟ. ಹೆಚ್ಚಿನವುಗಳನ್ನು ನಂಬರು ನೋಡಿ ಹೊಂದಿಸಿದೆವು. ಕೊನೆಗೆ ನಂಬರು ಸವೆದುಹೋದ, ಒಂದೇ ಉದ್ದದ, ಒಂದೇ ಬಣ್ಣದ ಮೂರು ಒಂಟಿನಳಿಗೆ ಕೋವಿಗಳು ಉಳಿದವು. ವಾರಸುದಾರರೂ ಮೂವರು. ಇಬ್ಬರಿಗೆ ಫೋನ್ ಮಾಡಿದರೆ ಇಬ್ಬರೂ, "ಯಾವುದಾದ್ರೂ ಒಂದು ಕೊಡಿ," ಎಂದರು.

"ಕೇಳಿದ್ಯಲ್ಲ," ಎಂದರು ಪುಟ್ಟಪ್ಪನವರು. "ತಿಮ್ಮಪ್ಪನೋರಿಗೂ ಒಂದು ಕಳಿಸಿದ್ರಾಯ್ತು. ಅವರ ಪಾಲಿಗೆ ಯಾವುದು ಬರುತ್ತೋ ಅದು. ನೀನು ಶೆಟ್ಟಿಕೊಪ್ಪದ ಬಸ್ ಹತ್ತು, ಸಾಹೇಬ್ರಿಗೆ ನಾನು ಹೇಳ್ತೀನಿ."

ನಾನು ಸಬ್‌ಇನ್‌ಸ್ಪೆಕ್ಟರ ಹತ್ತಿರ ಹೋಗಿ ಮೂರೂ ಕೋವಿಗಳನ್ನು ಕೇಳಿದೆ. ಅವರು ನನ್ನ ಮುಖ ನೋಡಿ, "ಎರಡು ವಾಪಸ್ ಬರ್ಬೇಕು," ಎಂದು ಸಹಿ ಹಾಕಿದರು. ಮೂರನ್ನೂ ಗೋಣಿಚೀಲದಲ್ಲಿ ಸುತ್ತಿ ಬಸ್ ಹತ್ತಿದೆ. ಹಿರೇಕೊಡಿಗೆಯಲ್ಲಿ ಬೇಗ ಮುಗಿದರೆ ಶೆಟ್ಟಿಕೊಪ್ಪಕ್ಕೂ ಹೋಗಬಹುದು ಎಂಬ ಲೆಕ್ಕ ಇನ್ನೂ ಇತ್ತು. ಕಂಡಕ್ಟರ್ ಚೀಲ ಮುಟ್ಟಿ ನೋಡಿ ಲಗೇಜ್ ಟಿಕೆಟ್ ಕೇಳದೆ ಮುಂದೆ ಹೋದ.

ತಿಮ್ಮಪ್ಪನವರು ಮೂರನ್ನೂ ಜಗಲಿಯ ಮೇಲೆ ಮಲಗಿಸಿ ನೋಡಿದರು. ಮೂಸಿದರು. ತಲೆಯಾಡಿಸಿದರು.

"ಹೊಡೆದೇ ನೋಡ್ಬೇಕು."

ಬೇರೆಯವರ ಕೋವಿಯಿಂದ ಗುಂಡು ಹಾರಿಸುವುದು ಕಾನೂನಿನಲ್ಲಿ ಸರಿಯೇ ಎಂದು ಯಾರನ್ನಾದರೂ ಕೇಳಬೇಕಾಗಿತ್ತು. ಅಲ್ಲಿ ಕೇಳಲಿಕ್ಕಿದ್ದ ಪೊಲೀಸು ನಾನೊಬ್ಬಳೇ. ನಾನು ಕೇಳಲಿಲ್ಲ.

ಜಲಜಮ್ಮ ಬೇಲಿಯ ಗೂಟದ ಮೇಲೆ ಒಂದು ತೆಂಗಿನ ಚಿಪ್ಪು ಬೋರಲು ಹಾಕಿ ಬಂದರು. ತಿಮ್ಮಪ್ಪನವರು ನಳಿಗೆಗೆ ಮದ್ದು ಹಾಕಿ, ಗುಂಡು ಹಾಕಿ, ಕಬ್ಬಿಣದ ಸರಳಿನಿಂದ ನಿಧಾನವಾಗಿ ಜಡಿದರು. ಮೊದಲ ಕೋವಿಗೆ ಚಿಪ್ಪು ಪುಡಿಯಾಯಿತು.

"ಗುರಿ ಚೆನ್ನಾಗಿದೆ," ಎಂದೆ.

"ಇದು ನಂದಲ್ಲ," ಎಂದು ಕೆಳಗಿಟ್ಟರು.

ಹನಿ ಶುರುವಾಯಿತು. ಮದ್ದು ಒದ್ದೆಯಾದರೆ ಹಾರುವುದಿಲ್ಲ, ನಿಲ್ಲುವವರೆಗೆ ಕಾದೆವು. ಎರಡನೆಯ ಕೋವಿಗೆ ಎರಡನೆಯ ಚಿಪ್ಪು ಪುಡಿಯಾಗುವಾಗ ಮೂರೂಮುಕ್ಕಾಲು. ತಿಮ್ಮಪ್ಪನವರ ಮುಖ ಇನ್ನಷ್ಟು ಸಣ್ಣದಾಯಿತು. ಆಗ ನನ್ನ ಮೊಬೈಲು ಹೊಡೆದುಕೊಂಡಿತು. ಗಣಪತಿಯವರು.

"ಎಲ್ಲಿದ್ದೀಯಮ್ಮಾ? ಕಾಗದ ಎಲ್ಲ ತಯಾರಿದೆ. ಈಗ ಹೊರಟ್ರೂ ಆಗುತ್ತೆ. ಬಾಡಿಗೆ ಮೋಟ್ರು ಮಾಡ್ಕೊಂಡು ಬಾ."

ಮೂರನೆಯದು ಹೇಗೂ ಅವರದ್ದೇ ಇರಬೇಕು. ಕೊಟ್ಟು ಹೊರಡಬಹುದಾಗಿತ್ತು. ಆದರೆ ಹೋದ ಸಲವೂ ಯಾರೋ ಹೀಗೇ ಲೆಕ್ಕ ಹಾಕಿರಬೇಕು. ತಿಮ್ಮಪ್ಪನವರು ಮದ್ದಿನ ಡಬ್ಬಿ ಹಿಡಿದು ನನ್ನನ್ನೇ ನೋಡುತ್ತಿದ್ದರು.

"ಬರಲ್ಲ ಗಣಪತಿಯೋರೇ. ಆ ಹುಡುಗೀನೇ ಕರೀರಿ."

"ಯಾಕಮ್ಮಾ, ಪೊಲೀಸ್ ಕೆಲ್ಸ ಅಷ್ಟು ಚೆನ್ನಾಗಿದ್ಯಾ?"

"ಗೊತ್ತಿಲ್ಲ. ಇಲ್ಲೊಂದು ಕೆಲ್ಸ ಅರ್ಧಕ್ಕೆ ನಿಂತಿದೆ," ಎಂದು ಫೋನ್ ಇಟ್ಟೆ.

ತಿಮ್ಮಪ್ಪನವರು ಮೂರನೆಯ ಕೋವಿಗೆ ಮದ್ದು ತುಂಬಿ, ಚಿಪ್ಪಿಗೆ ನೇರ ಗುರಿ ಹಿಡಿದು ಹೊಡೆದರು. ಚಿಪ್ಪು ಅಲುಗಲಿಲ್ಲ. ಎಡಗಡೆ ಮೂರು ಮಾರು ದೂರದ ಬಾಳೆಗಿಡದಿಂದ ಬಾಳೆಹೂವು ಕಳಚಿ ಬಿತ್ತು.

"ಇದೇ," ಎಂದರು.

"ಗುರಿ ತಪ್ಪಿತಲ್ಲ?"

"ನಲ್ವತ್ತು ವರ್ಷದಿಂದ ತಪ್ಪುತ್ತೆ. ಎಷ್ಟು ತಪ್ಪುತ್ತೆ ಅಂತ ನಂಗೊಬ್ನಿಗೇ ಗೊತ್ತು. ನಾನು ಯಾವಾಗ್ಲೂ ಬಲಕ್ಕೆ ಹಿಡಿದು ಹೊಡೆಯೋದು. ಇವತ್ತು ಪರೀಕ್ಷೆಗೆ ಅಂತ ನೇರ ಹಿಡ್ದೆ. ನೇರ ಹೋಗೋ ಕೋವಿ ಕೊಟ್ರೆ ಈ ವಯಸ್ಸಲ್ಲಿ ನಾನು ಮತ್ತೆ ಮೊದ್ಲಿಂದ ಕಲೀಬೇಕಾ?"

"ರಾತ್ರಿ ಪಲ್ಯಕ್ಕಾಯ್ತು," ಎಂದು ಜಲಜಮ್ಮ ಬಾಳೆಹೂವು ಹೆಕ್ಕಿಕೊಂಡರು. "ಉಂಡ್ಕೊಂಡೇ ಹೋಗು ತಂಗಿ."

"ಇಲ್ಲ ಜಲಜಮ್ಮ, ಇವೆರಡನ್ನ ಮುಟ್ಟಿಸ್ಬೇಕು."

ನಾನು ರಿಜಿಸ್ಟರ್ ತೆಗೆದೆ. ತಿಮ್ಮಪ್ಪನವರು ಕೈ ಒರೆಸಿಕೊಂಡು, ಬರೆದದ್ದನ್ನು ಪೂರ್ತಿ ಓದಿ, ಸಹಿ ಹಾಕಿ, ತಮ್ಮ ಕೋವಿಯನ್ನು ಒಯ್ದು ಮೊಳೆಗೆ ತೂಗುಹಾಕಿದರು.