ಖಂಡೇಪೂಜೆಯ ದಿನ ತಿರುಗಿದ ತೋಳು

ನಾನು ಒಂದು ಆಂಜಿಯೋಗ್ರಾಂ ಯಂತ್ರ. ಹೆಸರು ಕೇಳಿದರೆ ಜನರ ಮುಖ ಬಾಡುತ್ತದೆ, ಅದಕ್ಕೆ ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ನನ್ನನ್ನು ಮಾಡಿದರು. ಬಾಗಿದ ದೊಡ್ಡ ತೋಳು, ಅದರ ನಡುವೆ ಮನುಷ್ಯ ಮಲಗುವ ಮೇಜು, ಪಕ್ಕದಲ್ಲಿ ಪರದೆ. ರಕ್ತನಾಳದೊಳಗೆ ಹೋಗುವ ತಂತಿಯ ದಾರಿಯನ್ನು ವೈದ್ಯರಿಗೆ ತೋರಿಸುವುದು ನನ್ನ ಕೆಲಸ. ನಾಳ ಕಟ್ಟಿಕೊಂಡಲ್ಲಿ ಅವರು ಸ್ಟೆಂಟ್ ಎಂಬ ಪುಟ್ಟ ಜಾಲರಿಯನ್ನು ಕೂರಿಸಿ ಬಿಡಿಸುತ್ತಾರೆ.

ಮೊದಲು ನಾನಿದ್ದದ್ದು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ. ಅದೇ ರಸ್ತೆಯಲ್ಲಿ ನನ್ನಂಥವು ಇನ್ನೂ ನಾಲ್ಕಿದ್ದವು. ಎದೆನೋವು ಬಂದವರು ಹತ್ತು ನಿಮಿಷದಲ್ಲಿ ನನ್ನ ಮೇಜಿನ ಮೇಲಿರುತ್ತಿದ್ದರು. ದೇಶವೆಲ್ಲ ಹೀಗೇ ಇರುತ್ತದೆಂದು ನಾನು ನಂಬಿದ್ದೆ. ಎಂಟು ವರ್ಷಕ್ಕೆ ಹೊಸ ಮಾದರಿ ಬಂತು. ನನ್ನನ್ನು ಬಿಚ್ಚಿ, ಒರೆಸಿ, ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಗೆ ದಾನ ಕೊಟ್ಟರು.

ಅಲ್ಲಿ ಹದಿನಾಲ್ಕು ತಿಂಗಳು ಜಗಲಿಯಲ್ಲಿ ಪೆಟ್ಟಿಗೆಯೊಳಗೇ ಬಿದ್ದಿದ್ದೆ. ಕೋಣೆ ಆದರೆ ಕರೆಂಟಿಲ್ಲ, ಕರೆಂಟು ಬಂದರೆ ಹೃದಯದ ವೈದ್ಯರಿಲ್ಲ. ನನ್ನ ಮೇಲೆ ಟವೆಲ್ ಒಣಹಾಕಿದರು, ಹಳೆಯ ಕಡತ ಪೇರಿಸಿದರು. ನನ್ನನ್ನು ಮಾತಾಡಿಸುತ್ತಿದ್ದವನು ಒಬ್ಬನೇ, ಆಂಬುಲೆನ್ಸ್ ಚಾಲಕ ಖಾಜಾಸಾಬ. ಮಧ್ಯಾಹ್ನ ನನ್ನ ಪೆಟ್ಟಿಗೆಯ ಮೇಲೆ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ. ಸ್ಟೆಂಟ್ ಹಾಕುವ ಅತಿ ಹತ್ತಿರದ ಆಸ್ಪತ್ರೆ ನೂರ ತೊಂಬತ್ತು ಕಿಲೋಮೀಟರ್ ದೂರವೆಂದು ಗೊತ್ತಾದದ್ದು ಅವನಿಂದಲೇ. ನಡುದಾರಿಯಲ್ಲಿ ಒಂದು ಹುಣಸೆಮರ ಇದೆಯಂತೆ. ಬಹಳ ಸಲ ಅಲ್ಲಿಗೆ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಮನೆಯವರ ಅಳು ಶುರುವಾಗುತ್ತಿತ್ತು. ಅವನು ಮರದ ಕೆಳಗೆ ಗಾಡಿ ನಿಲ್ಲಿಸಿ, ಅವರಿಗೆ ನೀರು ಕೊಟ್ಟು, ಊರ ಕಡೆ ತಿರುಗಿಸುತ್ತಿದ್ದ. ಕೇಳಿ ನನಗೆ ನಾಚಿಕೆಯಾಯಿತು. ಒಂದೇ ರಸ್ತೆಯಲ್ಲಿ ಐದು ಯಂತ್ರ ಮೆರೆದಿದ್ದೆವಲ್ಲ ಎನ್ನಿಸಿತು.

ಕೊನೆಗೂ ಡಾಕ್ಟರ್ ಸುವರ್ಣಾ ಬಿರಾದಾರ ಬಂದರು. ಅವರ ಜೊತೆ ನನ್ನನ್ನು ನಡೆಸುವ ಟೆಕ್ನಿಷಿಯನ್ ಮೌನೇಶ ಬಂದ. ಅವನು ಬಡಗಿಯ ಮಗ. ನನ್ನನ್ನು ಒರೆಸುವಾಗಲೂ ಮೊದಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

ಆ ವರ್ಷದ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಅವನು ನನ್ನನ್ನು ಮದುಮಗನ ಹಾಗೆ ಸಿಂಗರಿಸಿದ. ತೋಳಿಗೆ ಚೆಂಡುಹೂವಿನ ಸರ ಸುತ್ತಿ, ವಿಭೂತಿ ಬಳಿದು, ಬಾಗಿಲಲ್ಲಿ ಕುಂಬಳಕಾಯಿ ಒಡೆದ. ಪೂಜೆಗಿಟ್ಟ ಉಪಕರಣವನ್ನು ಮರುದಿನ ಬನ್ನಿ ಹಂಚುವವರೆಗೆ ಮುಟ್ಟಬಾರದೆಂಬುದು ಅವನ ಮನೆತನದ ನೇಮ. ಅದಕ್ಕೇ ಕೋಣೆಗೆ ಬೀಗ ಹಾಕಿ, ಇದ್ದ ಒಂದೇ ಕೀಲಿಕೈಯನ್ನು ಮನೆಗೆ ಒಯ್ದು, ಅಪ್ಪನ ಉಳಿ ಬಾಚಿಗಳ ಜೊತೆ ಪೂಜೆಗಿಟ್ಟ. ಭಕ್ತಿ ಹೆಚ್ಚಾದರೆ ಬುದ್ಧಿ ಎಲ್ಲಿರುತ್ತದೆ?

ಅಂದೇ ಮಧ್ಯಾಹ್ನ ಆಂಬುಲೆನ್ಸಿಗೆ ಹಾರ ಹಾಕುತ್ತಿದ್ದ ಖಾಜಾಸಾಬ ಎದೆ ಹಿಡಿದುಕೊಂಡು ಕುಸಿದ. ಸ್ಟ್ರೆಚರ್ ನನ್ನ ಬಾಗಿಲವರೆಗೆ ಬಂದು, ಕುಂಬಳಕಾಯಿಯ ತುಂಡಿಗೆ ಸಿಕ್ಕಿ ನಿಂತಿತು. ನನ್ನ ಎಕ್ಸ್-ರೇ ಕಿರಣ ಹೊರಹೋಗದಂತೆ ಬಾಗಿಲಿಗೆ ಸೀಸದ ತಗಡು ಬಡಿದಿದ್ದರು, ಒಡೆಯುವುದು ಸುಲಭವಿರಲಿಲ್ಲ. ಡಾಕ್ಟರು ಮೌನೇಶನಿಗೆ ಫೋನು ಮಾಡಿದರು. ಯಾರೋ ದೊಡ್ಡ ಆಸ್ಪತ್ರೆಗೇ ಒಯ್ಯೋಣವೆಂದರು. ಆಗ ಖಾಜಾಸಾಬನ ದನಿ ಬಾಗಿಲಾಚೆಯಿಂದ ಕೇಳಿತು.

"ಆ ಹುಣಸಿ ಗಿಡ ನನಗ ಗೊತ್ತದ್ರಿ. ಅಲ್ಲಿಗಿ ನನ್ನ ಒಯ್ಯಬ್ಯಾಡ್ರಿ."

ಒಳಗೆ ನಾನು ಹೂವಿನ ಭಾರ ಹೊತ್ತು ಸುಮ್ಮನೆ ನಿಂತಿದ್ದೆ. ಅಷ್ಟು ಅಸಹಾಯಕತೆ ಪೆಟ್ಟಿಗೆಯೊಳಗಿದ್ದಾಗಲೂ ನನಗೆ ಅನಿಸಿರಲಿಲ್ಲ.

ಅತ್ತ ಮನೆಯಲ್ಲಿ ನಡೆದದ್ದನ್ನು ಮೌನೇಶ ಆಮೇಲೆ ಹೇಳಿದ. ಅವನು ದೇವರ ಮುಂದೆ ನಿಂತರೂ ಕೀಲಿಕೈಗೆ ಕೈ ಚಾಚಲಾರದೆ ಅಪ್ಪನ ಮುಖ ನೋಡಿದನಂತೆ. ಐವತ್ತು ವರ್ಷ ಆ ನೇಮ ತಪ್ಪದ ಮುದುಕ ತಾನೇ ಬಗ್ಗಿ, ಉಳಿಗಳ ನಡುವಿನಿಂದ ಕೀಲಿಕೈ ಎತ್ತಿ ಮಗನ ಅಂಗೈಗೆ ಹಾಕಿದ.

"ಕಟಗಿ ನಾಳಿತನಾ ಕಾಯ್ತದ. ಎದಿ ಕಾಯಂಗಿಲ್ಲ. ಓಡು."

ಬಾಗಿಲು ತೆರೆಯಿತು. ಮೌನೇಶ ಹೂವಿನ ಸರ ಕತ್ತರಿಸಿ, ವಿಭೂತಿ ಒರೆಸಿ, ತಪ್ಪಾಯಿತೆಂದು ನನ್ನ ಮೇಜು ಮುಟ್ಟಿ ನಮಸ್ಕರಿಸಿ ಸ್ವಿಚ್ ಒತ್ತಿದ. ನಾನು ತೋಳು ತಿರುಗಿಸಿದೆ. ಉಳಿದಿದ್ದ ಒಂದೆರಡು ಎಸಳು ನೆಲಕ್ಕುದುರಿದವು. ಪರದೆಯ ಮೇಲೆ ಒಂದು ನಾಳ ಅರ್ಧಕ್ಕೇ ನಿಂತಿತ್ತು, ಮುಂದೆ ಏನೂ ಕಾಣುತ್ತಿರಲಿಲ್ಲ. ಡಾಕ್ಟರು ಮಣಿಕಟ್ಟಿನಿಂದ ತಂತಿ ತೂರಿಸಿ, ತಡೆ ದಾಟಿಸಿ, ಸ್ಟೆಂಟ್ ಕೂರಿಸಿದರು. ಕಾಣದಿದ್ದ ನಾಳ ಕೊನೆಯವರೆಗೂ ತುಂಬಿ ಹರಿಯಿತು. ಎಚ್ಚರವಾಗಿಯೇ ಇದ್ದ ಖಾಜಾಸಾಬ ಮೆಲ್ಲಗೆ ಕೇಳಿದ.

"ಗಿಡ ದಾಟಿತೇನ್ರಿ?"

ಅವನ ಆ ಮರದ ಕಥೆ ಆಸ್ಪತ್ರೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? "ದಾಟಿತು, ಖಾಜಾಸಾಬರ," ಎಂದರು ಡಾಕ್ಟರು.

ನನಗೆ ಕಣ್ಣಿದ್ದಿದ್ದರೆ ಅಂದು ಅಳುತ್ತಿದ್ದೆ.

ಅದಾಗಿ ಒಂಬತ್ತು ವರ್ಷ ದುಡಿದೆ. ಈಗ ನನ್ನ ಎಕ್ಸ್-ರೇ ಟ್ಯೂಬ್ ಸತ್ತಿದೆ. ಹೊಸ ಯಂತ್ರ ಬಂದಿದೆ. ನಾನು ಶೆಡ್ಡಿನ ಮೂಲೆಯಲ್ಲಿದ್ದೇನೆ, ಪಕ್ಕದಲ್ಲಿ ಖಾಜಾಸಾಬನ ಹಳೆಯ ಗಾಡಿಯೂ ಇದೆ. ಖಂಡೇಪೂಜೆ ಈಗಲೂ ಜೋರಾಗಿಯೇ ನಡೆಯುತ್ತದೆ, ಆದರೆ ಕೀಲಿಕೈ ಬಾಗಿಲ ಪಕ್ಕದ ಮೊಳೆ ಬಿಟ್ಟು ಕದಲುವುದಿಲ್ಲ. ಮರುದಿನ ಸಂಜೆ ನಿವೃತ್ತ ಖಾಜಾಸಾಬ ಕೋಲೂರಿಕೊಂಡು ಬಂದು, ನನ್ನ ತೋಳಿನ ಸಂದಿಗೆ ಎರಡು ಬನ್ನಿ ಎಲೆ ಸಿಕ್ಕಿಸಿ, ಬಂಗಾರದಂತಿರು ಎಂದು ಹರಸಿ, ಊರ ಸುದ್ದಿ ಹೇಳಿ ಹೋಗುತ್ತಾನೆ.

ಆ ಹುಣಸೆಮರವನ್ನು ನಾನು ಎಂದೂ ಕಂಡಿಲ್ಲ. ಈಗ ಅದರ ಕೆಳಗೆ ಒಬ್ಬ ಹೆಣ್ಣುಮಗಳು ಕಲ್ಲಂಗಡಿ ಮಾರುತ್ತಾಳಂತೆ. ಅಲ್ಲಿ ನಿಲ್ಲುವ ಗಾಡಿಗಳೆಲ್ಲ ಹಣ್ಣು ತಿನ್ನುವುದಕ್ಕೇ ನಿಲ್ಲುತ್ತವಂತೆ.