ದಡದಿಂದ ಕೂಗಿ ಹೇಳಲಾಗದ ಮಾತು

ಶಿಬಿರದ ಎರಡನೇ ವಾರದಲ್ಲಿ ಮಂಗನಬಾವು ಕಾಲಿಟ್ಟಿತು. ಮೊದಲು ಎಲ್ಲರಿಗಿಂತ ಚಿಕ್ಕ ಹುಡುಗನ ಒಂದು ಕೆನ್ನೆ ಊದಿಕೊಂಡಿತು. ಮಿಠಾಯಿ ಬಚ್ಚಿಟ್ಟುಕೊಂಡಿದ್ದಾನೆಂದು ಉಳಿದ ಹುಡುಗರು ಅವನ ಬಾಯಿ ತೆರೆಸಿ ಹುಡುಕಿದರು. ಮರುದಿನ ಅದೇ ಕೊಠಡಿಯ ಇನ್ನಿಬ್ಬರು ಮಲಗಿದಾಗ ವೈದ್ಯರು ಬಂದು, ಹೊರಗಿನವರು ಒಳಗೆ ಬರಕೂಡದು, ಒಳಗಿನವರು ಹೊರಗೆ ಹೋಗಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿಹೋದರು.

ಊಟದ ಮನೆಯ ಹೊರಗಿನ ಕರಿಹಲಗೆಯ ಮೇಲೆ ದೊಡ್ಡ ಮೇಷ್ಟ್ರು ಪ್ರತಿ ಬೆಳಿಗ್ಗೆ ಆ ದಿನದ ಕಾರ್ಯಕ್ರಮ ಬರೆಯುತ್ತಿದ್ದರು. ಈಗ ಬರೆಯುವುದಕ್ಕಿಂತ ಅಳಿಸುವುದೇ ಹೆಚ್ಚಾಯಿತು. ಬೆಟ್ಟ ಹತ್ತುವುದು ಹೋಯಿತು, ದೋಣಿ ಪಂದ್ಯ ಹೋಯಿತು. ಭಾನುವಾರ ಅಪ್ಪ ಅಮ್ಮಂದಿರು ಬರುವ ದಿನವೂ ಹೋಯಿತು. ಅದನ್ನು ಅಳಿಸಿದ ದಿನ ಊಟದ ಮನೆಯಲ್ಲಿ ಅರ್ಧ ತಟ್ಟೆಗಳು ಹಾಗೇ ಉಳಿದವು.

ಆಟದ ಮೇಷ್ಟ್ರಿಗೆ ಹುಡುಗರು ಇಟ್ಟ ಹೆಸರು ಸೀಟಿ ಮೇಷ್ಟ್ರು. ಕೊರಳಲ್ಲಿ ಸೀಟಿ ಇಲ್ಲದೆ ಅವರನ್ನು ಕಂಡವರಿಲ್ಲ. ಚಿಕ್ಕಂದಿನಲ್ಲೇ ಮಂಗನಬಾವು ಬಂದು ಹೋಗಿದ್ದರಿಂದ ಕಾಯಿಲೆ ಕೊಠಡಿ ಅವರ ತಲೆಗೇ ಬಿತ್ತು. ಆ ಕೊಠಡಿಯಲ್ಲಿ ಇನ್ನೂ ಕೆನ್ನೆ ಊದದೆ ಉಳಿದಿದ್ದವನು ಹುಡುಗರು ರೇಡಿಯೋ ಎಂದು ಕರೆಯುತ್ತಿದ್ದವನೊಬ್ಬನೇ. ಹಲ್ಲುಜ್ಜುವಾಗಲೂ ಮಾತು, ಹಾಸಿಗೆ ಮಡಿಸುವಾಗಲೂ ಮಾತು, ನಿದ್ದೆಯಲ್ಲೂ ಅರ್ಧಂಬರ್ಧ ಮಾತು. ಅವನ ಮಾತಲ್ಲಿ ಮುಕ್ಕಾಲು ಪಾಲು ಅವನ ಅಪ್ಪನೇ. ಅಪ್ಪ ಹಡಗಿನ ಇಂಜಿನ್ ಮೆಕ್ಯಾನಿಕ್. ಅಪ್ಪನಿಗೆ ಇಂಜಿನ್ ಸದ್ದು ಕೇಳಿದರೆ ಸಾಕು, ಅದರ ಹೊಟ್ಟೆಯೊಳಗೆ ಏನು ನೋವು ಅಂತ ಗೊತ್ತಾಗುತ್ತದೆ.

"ನಿಮ್ಮಪ್ಪನ್ನ ಕರೆಸಿದ್ರೆ ನಿನ್ನ ಇಂಜಿನ್ನೂ ಸ್ವಲ್ಪ ಆಫ್ ಮಾಡ್ತಾರೇನೋ," ಎಂದು ಸೀಟಿ ಮೇಷ್ಟ್ರು ತಮಾಷೆ ಮಾಡಿದರೆ ಅವನಿಗೆ ಖುಷಿ.

ಭಾನುವಾರ ಬೆಳಿಗ್ಗೆ ಗೇಟಿನ ಬಳಿ ಒಬ್ಬ ಮನುಷ್ಯ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಎಷ್ಟು ತೊಳೆದರೂ ಹೋಗದ ಎಣ್ಣೆಯ ಕಪ್ಪು ಉಗುರಂಚಿನಲ್ಲಿ. ನೋಡಿದ ಕೂಡಲೇ ಸೀಟಿ ಮೇಷ್ಟ್ರಿಗೆ ಇವನು ರೇಡಿಯೋನ ಅಪ್ಪ ಎಂದು ಗೊತ್ತಾಯಿತು.

"ಬರಬೇಡಿ ಅಂತ ಎಲ್ಲರ ಮನೆಗೂ ಫೋನ್ ಮಾಡಿದ್ವಲ್ಲ," ಎಂದರು.

"ಮನೆಗೆ ಮಾಡಿರ್ತೀರಿ," ಎಂದ ಆತ. "ನಾನೀಗ ಆ ಮನೇಲಿಲ್ಲ."

ಆಮೇಲೆ, ಅಪರಿಚಿತರಿಗೆ ಮಾತ್ರ ಹೇಳಬಹುದಾದ ರೀತಿಯಲ್ಲಿ, ಗೇಟಿನ ಸರಳು ಹಿಡಿದುಕೊಂಡು ಎಲ್ಲ ಹೇಳಿದ. ಅವನೂ ಹೆಂಡತಿಯೂ ಬೇರೆಯಾಗಿದ್ದರು. ಮಗ ಶಿಬಿರದಲ್ಲಿದ್ದಾಗಲೇ ಮನೆ ಖಾಲಿ ಮಾಡಿ ಅವಳು ಅಣ್ಣನ ಮನೆ ಸೇರಿದ್ದಳು. ಇವನ ಹಡಗು ಮರುದಿನ ಹೊರಡುವುದಿತ್ತು. ಮತ್ತೆ ಬರುವುದು ಯಾವ ವರ್ಷವೋ.

"ಅವನಿಗೆ ನಾನೇ ಹೇಳ್ತೀನಿ ಅಂದಿದ್ದೆ. ಪಕ್ಕದಲ್ಲಿ ಕೂರಿಸಿಕೊಂಡು. ಅದೊಂದು ನನಗೆ ಬಿಡು ಅಂತ ಅವಳ ಹತ್ರ ಕೇಳ್ಕೊಂಡಿದ್ದೆ."

"ನಿಮಗೆ ಮಂಗನಬಾವು ಬಂದು ಹೋಗಿದೆಯಾ?"

"ಇಲ್ಲ. ಸೋಂಕಿನ ಹತ್ರ ಹೋಗಿದ್ದೆ ಅಂತ ಹಡಗಿನಲ್ಲಿ ಗೊತ್ತಾದ್ರೆ ಹತ್ತಿಸೋದೂ ಇಲ್ಲ."

ಸೀಟಿ ಮೇಷ್ಟ್ರು ಹೋಗಿ ದೊಡ್ಡ ಮೇಷ್ಟ್ರನ್ನು ಕರೆತಂದರು. ಅವರೊಂದು ದಾರಿ ಹುಡುಕಿದರು. ಅಪ್ಪ ಶಿಬಿರದ ಮಗ್ಗುಲಿನ ಕೆರೆಯ ಆಚೆ ದಡಕ್ಕೆ ಹೋಗಲಿ, ಮಗನನ್ನು ದೋಣಿಯಲ್ಲಿ ಕರೆದೊಯ್ದು ದೂರದಿಂದ ತೋರಿಸಿ.

"ಇದನ್ನ ಕೂಗಿ ಹೇಳೋಕಾಗುತ್ತಾ ಸಾರ್?" ಎಂದ ಆತ. ಮತ್ತೆ ತಾನೇ, "ಇರ್ಲಿ, ಮುಖ ಆದ್ರೂ ನೋಡ್ತೀನಿ, ಆಗದಿದ್ರೆ ಅವಳಿಗೇ ಹೇಳೋಕೆ ಹೇಳ್ತೀನಿ," ಎಂದು ರಸ್ತೆಯ ಕಡೆ ತಿರುಗಿದ.

ದೋಣಿಯಲ್ಲಿ ರೇಡಿಯೋ ಒಂದು ಕಡೆ ಕೂರಲಿಲ್ಲ. ಬೇಸಿಗೆಯ ಕೆರೆ ಕನ್ನಡಿಯಂತಿತ್ತು, ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಅಪ್ಪ ದಡದ ಜೊಂಡಿನ ಪಕ್ಕದಲ್ಲಿ ನಿಂತಿದ್ದ. ಕಲ್ಲು ಬೀಸಿದರೆ ಮುಟ್ಟುವಷ್ಟು ದೂರದಲ್ಲಿ ಮೇಷ್ಟ್ರು ಹುಟ್ಟು ನಿಲ್ಲಿಸಿದರು.

"ಅಪ್ಪಾ! ನಂಗೆ ಈಜು ಬರುತ್ತೆ! ಹಾರಿ ತೋರಿಸ್ಲಾ?"

ಮೇಷ್ಟ್ರು ಅವನ ಅಂಗಿಯ ಹಿಂಬದಿ ಹಿಡಿದುಕೊಂಡರು.

"ಬೇಡ, ಬೇಡ! ಊಟ ಸರಿಯಾಗಿ ಮಾಡ್ತಿದೀಯಾ?"

"ಮಾಡ್ತಿದೀನಿ! ನಂಗೊಬ್ಬನಿಗೇ ಕೆನ್ನೆ ಊದಿಲ್ಲ!"

"ಒಳ್ಳೇದು!"

ಅಪ್ಪ ನೀರಂಚಿಗೆ ಬಂದ. "ರಾತ್ರಿ ಹೊದ್ದುಕೊಂಡು ಮಲಕ್ಕೋ," ಎಂದ.

"ಕೊನೇ ದಿನ ಕರ್ಕೊಂಡು ಹೋಗೋಕೆ ನೀನೇ ಬರ್ಬೇಕು! ಅಮ್ಮ ಅಲ್ಲ, ನೀನು!"

ಅಪ್ಪ ಕಿವಿಯ ಹಿಂದೆ ಕೈ ಇಟ್ಟುಕೊಂಡು, ಕೇಳಿಸಲಿಲ್ಲ ಎಂಬಂತೆ ತಲೆಯಾಡಿಸಿದ.

"ನೀನೇ ಬರ್ಬೇಕು ಅಂದೆ!" ಹುಡುಗನ ಗಂಟಲ ನರ ಉಬ್ಬಿತ್ತು.

ಅಪ್ಪ ಮತ್ತೆ ತಲೆಯಾಡಿಸಿದ. ಆಮೇಲೆ ಏನನಿಸಿತೋ, ಬೂಟುಗಾಲಲ್ಲೇ ನೀರಿಗಿಳಿದ. ಮೊಣಕಾಲಿನ ತನಕ ಬಂದ, ಇನ್ನೂ ಬಂದ. ಮೇಷ್ಟ್ರ ಕೈ ತಾನಾಗಿಯೇ ದೋಣಿಯನ್ನು ಹಿಂದಕ್ಕೆ ಸರಿಸಿತು. ಒಂದೇ ಸಲ, ಅಷ್ಟೆ. ಅದನ್ನು ನೋಡಿ ಅಪ್ಪ ನಿಂತುಬಿಟ್ಟ. ಸೊಂಟದವರೆಗಿನ ನೀರಿನಲ್ಲಿ ನಿಂತು ಕೈಯೆತ್ತಿದ.

ವಾಪಸು ಬರುವಾಗ ರೇಡಿಯೋ ದಾರಿಯುದ್ದಕ್ಕೂ ಮಾತಾಡಿದ. ಅಪ್ಪನ ಬೂಟು ಒದ್ದೆಯಾಯಿತು, ಅಮ್ಮ ಬೈಯುತ್ತಾಳೆ ಎಂದ. ಮೇಷ್ಟ್ರು ಹೂಂಗುಟ್ಟುತ್ತ ಹುಟ್ಟು ಹಾಕಿದರು.

ವಾರ ಕಳೆಯುವುದರೊಳಗೆ ರೇಡಿಯೋನ ಎರಡೂ ಕೆನ್ನೆ ಊದಿದವು. ಬಾಯಿ ತೆರೆದರೆ ಕಿವಿಯವರೆಗೂ ನೋವು. ಮೇಷ್ಟ್ರು ಹಾಲಿನಲ್ಲಿ ಬ್ರೆಡ್ ನೆನೆಸಿ ಚಮಚದಲ್ಲಿ ತಿನ್ನಿಸುತ್ತಿದ್ದ ಒಂದು ಮಧ್ಯಾಹ್ನ ಅವನು ಹಲ್ಲು ಕಚ್ಚಿಕೊಂಡೇ ಕೇಳಿದ.

"ಸಾರ್, ಅವತ್ತು ಅಪ್ಪಂಗೆ ನಿಜವಾಗ್ಲೂ ಕೇಳಿಸ್ಲಿಲ್ವಾ?"

ಇಲ್ಲ ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಹುಡುಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

"ಕೇಳಿಸ್ತು ಕಣೋ," ಎಂದರು.

"ಹಂಗಾದ್ರೆ ಬರಲ್ಲ."

"ಬರಲ್ಲ, ಮಗು."

ಬಟ್ಟಲು ಕೆಳಗಿಟ್ಟು, ಹಾಸಿಗೆಯ ಮೇಲೆ ಅವನ ಪಕ್ಕದಲ್ಲಿ ಕೂತು, ಗೇಟಿನ ಬಳಿ ಕೇಳಿದ್ದನ್ನೆಲ್ಲ ಹೇಳಿದರು. ತಮ್ಮದಲ್ಲದ ಮಾತನ್ನು ತಾವು ಆಡುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು. ಅಪ್ಪ ಪಕ್ಕದಲ್ಲಿ ಕೂರಬೇಕೆಂದೇ ಬಂದಿದ್ದ ಎಂಬುದನ್ನು ಎರಡು ಸಲ ಹೇಳಿದರು. ಹುಡುಗ ಗೋಡೆಯ ಕಡೆ ತಿರುಗಿದ. ಅತ್ತರೆ ಕೆನ್ನೆ ನೋಯುತ್ತಿತ್ತು, ಆದರೂ ಅತ್ತ. ಮೇಷ್ಟ್ರು ಬೆನ್ನು ನೀವುತ್ತ ಕೂತರು. ಹೊರಗೆ ಹುಡುಗರು ಆಟಕ್ಕೆ ಬನ್ನಿ ಸಾರ್ ಎಂದು ಕೂಗಿದರೂ ಏಳಲಿಲ್ಲ.

ಸಂಜೆ ಅವನು ಹೇಳಿದ್ದು ಒಂದೇ ಮಾತು. "ಅಮ್ಮಂಗೆ ಹೇಳ್ಬೇಡಿ ಸಾರ್, ನಂಗೆ ಗೊತ್ತು ಅಂತ. ಅವಳೂ ಹೇಳೋಕೆ ಕಾಯ್ತಿರ್ತಾಳೆ."

ಕೊನೆಯ ದಿನ ಅಂಗಳದ ತುಂಬ ಪೆಟ್ಟಿಗೆ, ಸುರುಳಿ ಸುತ್ತಿದ ಹಾಸಿಗೆ, ಒಂಟಿ ಕಾಲುಚೀಲ. ರೇಡಿಯೋನ ಅಮ್ಮ ತನ್ನ ಅಣ್ಣನ ಕಾರಿನಲ್ಲಿ ಬಂದಳು. ಅಳಬಾರದೆಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದ ಮುಖ. ಮಗನ ಕೈ ಹಿಡಿದು ಕೊಠಡಿಯ ಹಿಂದಿನ ಬೆಂಚಿಗೆ ಕರೆದೊಯ್ದಳು.

ಕಿಟಕಿಯ ಒಳಗಡೆ ದಿಂಬಿನ ಚೀಲ ಬಿಚ್ಚುತ್ತಿದ್ದ ಮೇಷ್ಟ್ರಿಗೆ ಮಾತು ಕೇಳಿಸಲಿಲ್ಲ. ಅವಳು ತಲೆ ತಗ್ಗಿಸಿ ಹೇಳುತ್ತಿದ್ದಳು. ಹುಡುಗ ಮೊದಲ ಸಲ ಕೇಳುವವನಂತೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಅವಳ ಭುಜ ಅದುರತೊಡಗಿದಾಗ ಅವನು ಹತ್ತಿರ ಸರಿದು ಅವಳ ಬೆನ್ನು ನೀವಿದ.

ಕಾರಿನ ಹಾರ್ನ್ ಕೇಳಿಸಿತು. ಸೋದರಮಾವ ಬಾಗಿಲಲ್ಲಿ ಇಣುಕಿ, "ಇನ್ನೂ ಎಷ್ಟು ಹೊತ್ತು ಇವರದ್ದು? ಕತ್ತಲಾಗೋದ್ರೊಳಗೆ ಊರು ಸೇರ್ಬೇಕು," ಎಂದು ಗೊಣಗಿದ.

"ಕೂತ್ಕೊಳ್ಳಿ ಯಜಮಾನ್ರೇ," ಎಂದು ಮೇಷ್ಟ್ರು ಖಾಲಿ ಮಂಚವೊಂದನ್ನು ತೋರಿಸಿದರು. "ಅವರಿಬ್ಬರೂ ಮುಗಿಸ್ಕೊಂಡು ಬರ್ಲಿ."