ದೇವಿದಾಸ ಸರ್‌ಗೆ ಬರೆದುಕೊಟ್ಟ ವೆನಿಸ್ ದಾರಿ

ದೇವಿದಾಸ ಸರ್ ವೆನಿಸ್‌ನಲ್ಲಿ ದಾರಿ ತಪ್ಪಬಾರದು. ಹೊಟ್ಟೆ ತುಂಬ ತಿಂದು, ಚೆನ್ನಾಗಿ ನಿದ್ದೆ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸರಿಯಾದ ಹೊತ್ತಿಗೆ ಅಲ್ಲಿನ ಸಮ್ಮೇಳನದ ವೇದಿಕೆ ಹತ್ತಬೇಕು. ಇಷ್ಟು ಆಸ್ಥೆಯಿಂದ ನಾನು ನನ್ನ ಮದುವೆಯ ದಿಬ್ಬಣಕ್ಕೂ ತಯಾರಿ ಮಾಡಿರಲಿಲ್ಲ.

ನಾನು ಲಲಿತಾ. ಕಾರವಾರದಲ್ಲಿ ಸರ್ ನಡೆಸುವ ಕರಾವಳಿ ಬೇಸಾಯದ ಅಧ್ಯಯನ ಸಂಸ್ಥೆಯಲ್ಲಿ ಟೈಪಿಂಗ್‌ನಿಂದ ಹಿಡಿದು ಟಿಕೆಟ್ ಬುಕಿಂಗ್‌ವರೆಗೆ ಎಲ್ಲವೂ ನನ್ನದೇ. ಸರ್‌ಗೆ ಸ್ವಂತ ನೆನಪು ಎಂಬುದೇ ಇಲ್ಲ. ದೆಹಲಿಯ ಮೀಟಿಂಗ್‌ನಲ್ಲಿ ಕೂತಿದ್ದಾಗಲೂ ಯಾರಾದರೂ ಏನಾದರೂ ಕೇಳಿದರೆ ಅಲ್ಲಿಂದಲೇ ನನಗೆ ಫೋನ್ ಮಾಡುತ್ತಾರೆ.

ನನ್ನ ತವರು ಅಂಕೋಲೆಯ ಹಾರವಾಡದ ಹತ್ತಿರ. ಅಪ್ಪ ಹೊನ್ನ ಗೌಡನದು ಗಜನಿ ಗದ್ದೆ, ಉಬ್ಬರ ಬಂದರೆ ಉಪ್ಪುನೀರು ನುಗ್ಗುವಂಥದ್ದು. ಗದ್ದೆಯ ಕಟ್ಟೆಗೆ ಒಂದು ಮರದ ಬಾಗಿಲಿದೆ. ಅದನ್ನು ಯಾವ ದಿನ ಎಷ್ಟು ಎತ್ತಬೇಕು, ಯಾವ ದಿನ ಇಳಿಸಬೇಕು ಎಂಬುದರ ಮೇಲೇ ಉಪ್ಪು ತಾಳುವ ನಮ್ಮ ಕಗ್ಗ ಭತ್ತದ ಜೀವ ನಿಂತಿದೆ. ಅಪ್ಪ ಇಪ್ಪತ್ತೆರಡು ವರ್ಷ ಇದನ್ನು ನೋಟುಬುಕ್ಕುಗಳಲ್ಲಿ ಬರೆದಿಟ್ಟಿದ್ದಾನೆ. ಯಾವ ದಿನ, ಎಷ್ಟು ಗೇಣು ನೀರು, ಬಾಗಿಲು ಎಷ್ಟು ಎತ್ತಿದ್ದು, ಅಷ್ಟೇ.

ಅವನ್ನು ಸರ್ ಕೈಗೆ ಕೊಟ್ಟವಳು ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಸರ್ ನಮ್ಮ ಮನೆಗೇ ಬಂದು, ಜಗಲಿಯಲ್ಲಿ ಕೂತು ಎರಡು ಸಲ ಮೀನುಸಾರು ಹಾಕಿಸಿಕೊಂಡು ಉಂಡು, "ಹೊನ್ನಣ್ಣ, ನಿಮ್ಮ ಹೆಸ್ರು ಇಟಲಿ ತನಕ ಹೋಗ್ತದೆ ನೋಡಿ" ಎಂದಿದ್ದರು. ಅಪ್ಪ ಅದನ್ನು ಬಸ್ ಸ್ಟಾಪಿನ ಗೂಡಂಗಡಿಯಲ್ಲಿ ಕೂತವರಿಗೆಲ್ಲ ಹೇಳಿಕೊಂಡು ಬಂದ.

ಅಪ್ಪನ ಲೆಕ್ಕ ಇಟ್ಟುಕೊಂಡು ವೆನಿಸ್ ಸಮ್ಮೇಳನಕ್ಕೆ ಬರೆದ ಪ್ರಬಂಧ ಟೈಪಿಗೆ ಬಂದಾಗ ನೋಡುತ್ತೇನೆ, ಬರೆದವರ ಹೆಸರು ಎರಡೇ. ಒಂದು ದೇವಿದಾಸ ಸರ್, ಇನ್ನೊಂದು ಅವರ ಅಕ್ಕನ ಮಗ ಸಂಕೇತ. ಕೊನೆಯ ಪುಟದ ಅಡಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ಮಾಹಿತಿ: ಒಬ್ಬ ಸ್ಥಳೀಯ ರೈತ' ಎಂದಿತ್ತು.

"ಸರ್, ಅಪ್ಪನ ಹೆಸ್ರು?" ಎಂದೆ.

"ಅಯ್ಯ ಲಲಿತಾ, ಅಲ್ಲಿ ಹೊನ್ನ ಗೌಡ ಅಂದ್ರೆ ಯಾರಿಗೆ ಗೊತ್ತಾಗ್ತದೆ?" ಎಂದು ನಕ್ಕರು. "ಬರ್ತಾ ಚಾಕಲೇಟ್ ತರ್ತೇನೆ. ನಿನ್ನ ಅಪ್ಪಗೆ ಕೊಡು."

ಚಾಕಲೇಟು! ಇಪ್ಪತ್ತೆರಡು ವರ್ಷಕ್ಕೆ ಚಾಕಲೇಟು! ಮೈಯೆಲ್ಲ ಉರಿದುಹೋಯಿತು. ಇವರಿಂದ ಅಪ್ಪನ ಹೆಸರು ಹೇಳಿಸದಿದ್ದರೆ ನಾನು ಹೊನ್ನ ಗೌಡನ ಮಗಳೇ ಅಲ್ಲ ಎಂದುಕೊಂಡೆ.

ಮರುದಿನ ಸರ್ ಇಪ್ಪತ್ತಾರು ಪುಟಗಳ ಒಂದು ಕಟ್ಟು ತಂದು ನನ್ನ ಮೇಜಿನ ಮೇಲೆ ಹಾಕಿದರು. ಸಮ್ಮೇಳನಕ್ಕೆ ಬರುವವರಿಗೆಂದು ಅಲ್ಲಿಯವರು ಕಳಿಸಿದ ಪ್ರಯಾಣದ ಮಾಹಿತಿ. "ಇದನ್ನೆಲ್ಲ ಓದುದು ಯಾರು? ಬೇಕಾದ್ದಷ್ಟು ಎರಡು ಹಾಳೆಲಿ ಕನ್ನಡದಲ್ಲಿ ಬರ್ದು ಕೊಡು" ಎಂದರು.

ಪಕ್ಕದ ಮೇಜಿನ ಹೀರಾಗೆ ಎಲ್ಲ ಗೊತ್ತಿತ್ತು. ಅವಳ ಕಣ್ಣು ಮಿಂಚಿತು. "ದೋಣಿ ನಂಬರ್ ತಪ್ಪು ಬರೆ ಗೋ! ಅಲ್ಲೇ ನೀರಲ್ಲಿ ಸುತ್ತಲಿ."

ಸುಳ್ಳೇಕೆ ಹೇಳಲಿ, ಬರೆದೆ. ಸಮ್ಮೇಳನದ ಹಾಲ್‌ಗೆ ಹೋಗಲು ಇಳಿಯುವ ಜೆಟ್ಟಿ ಬಿಟ್ಟು ಎದುರು ದಿಕ್ಕಿನ ಜೆಟ್ಟಿ ಬರೆದೆ. ದೋಣಿ ಹತ್ತುವ ಮೊದಲು ಟಿಕೆಟನ್ನು ಯಂತ್ರಕ್ಕೆ ತಾಗಿಸದಿದ್ದರೆ ದಂಡ ಎಂಬ ಸಾಲನ್ನು ನುಂಗಿಹಾಕಿದೆ. ಬರೆಯುತ್ತಾ ಬರೆಯುತ್ತಾ ಹೊಟ್ಟೆ ಸ್ವಲ್ಪ ತಣ್ಣಗಾಯಿತು.

ಅದೇ ಸಂಜೆ ಸರ್ ಅಲ್ಲಿ ತೋರಿಸಲಿರುವ ನೀರಿನ ಏರಿಳಿತದ ಗ್ರಾಫನ್ನು ಪ್ರಿಂಟ್ ತೆಗೆಯುವಾಗ ನನ್ನ ಕೈ ನಿಂತಿತು. ಪ್ರತಿ ತಿಂಗಳೂ ಗೆರೆ ಒಂದನೇ ತಾರೀಕಿಗೆ ಶುರುವಾಗಿ ಹದಿನೈದಕ್ಕೆ ಮುಗಿಯುತ್ತಿತ್ತು. ಅಲ್ಲಿಂದಾಚೆ ಖಾಲಿ. ಅಪ್ಪ ಬರೆದಿದ್ದು ತಿಥಿ. ಅಮಾವಾಸ್ಯೆ ಕಳೆದು ಹುಣ್ಣಿಮೆಗೆ ಹದಿನೈದು, ಹುಣ್ಣಿಮೆ ಕಳೆದು ಅಮಾವಾಸ್ಯೆಗೆ ಮತ್ತೆ ಹದಿನೈದು. ಉಬ್ಬರ ನೋಡುವವರೆಲ್ಲ ಎಣಿಸುವುದು ಹಾಗೆಯೇ. ಮಾವ ಅಳಿಯ ಸೇರಿ ಅದನ್ನು ತಾರೀಕು ಮಾಡಿದ್ದಾರೆ, ಶ್ರಾವಣವನ್ನು ಆಗಸ್ಟ್ ಮಾಡಿದ್ದಾರೆ. ಒಂದೇ ತಿಂಗಳಲ್ಲಿ ಎರಡು ಅಷ್ಟಮಿ, ಅವರ ಲೆಕ್ಕದಲ್ಲಿ ಎರಡು ಎಂಟನೇ ತಾರೀಕು, ಕಂಡು ಮುದುಕನಿಗೆ ಕೈತಪ್ಪಿದೆ ಎಂದು ಎರಡನೆಯದನ್ನು ಅಳಿಸಿದ್ದಾರೆ. ಹೀಗೆ ಪ್ರತಿ ತಿಂಗಳ ಅರ್ಧ ಭಾಗ ಅಳಿಸಿಹೋಗಿದೆ.

ಇದನ್ನು ಹಿಡಿದುಕೊಂಡು ಸರ್ ಹೊರಟಿರುವುದು ವೆನಿಸ್‌ಗೆ, ಉಬ್ಬರ ಬಂದರೆ ಅಂಗಳಕ್ಕೇ ನೀರು ಬರುವ ಊರಿಗೆ!

ಬರೆದ ಎರಡೂ ಹಾಳೆ ಹರಿದುಹಾಕಿದೆ. ಈ ಮನುಷ್ಯ ದಾರಿ ತಪ್ಪಿದರೆ ಬಚಾವಾಗುತ್ತಾರೆ. ತಪ್ಪಬಾರದು. ಮತ್ತೆ ಕೂತು ಒಂದೊಂದು ಸಾಲನ್ನೂ ಎರಡೆರಡು ಸಲ ನೋಡಿ ಬರೆದೆ:

'ವಿಮಾನ ನಿಲ್ದಾಣದಿಂದ ಬಸ್ಸು. ಬಸ್ಸು ನಿಲ್ಲುವಲ್ಲಿಂದ ಮುಂದೆ ಕಾರು, ರಿಕ್ಷಾ ಇಲ್ಲ. ದೋಣಿ ಅಥವಾ ಕಾಲು. ಟಿಕೆಟನ್ನು ಹತ್ತುವ ಮೊದಲೇ ಜೆಟ್ಟಿಯ ಯಂತ್ರಕ್ಕೆ ತಾಗಿಸಿ. ಸೇತುವೆಗಳಿಗೆಲ್ಲ ಮೆಟ್ಟಿಲು, ಸಣ್ಣ ಬ್ಯಾಗು ಒಯ್ಯಿರಿ. ಕಾಫಿ ನಿಂತು ಕುಡಿದರೆ ಅಗ್ಗ, ಕೂತರೆ ದುಬಾರಿ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಹಿಡಿಸುವುದಿಲ್ಲ. ಫೋನಿಗೆ ಎರಡು ಪಿನ್ನಿನ ಸಣ್ಣ ಚಾರ್ಜರ್ ಬ್ಯಾಗಿನಲ್ಲಿ ಇಟ್ಟಿದ್ದೇನೆ. ರೋಮಿಂಗ್ ಹಾಕಿಸಿದ್ದೇನೆ. ನಿಮ್ಮ ಭಾಷಣ ಬೆಳಿಗ್ಗೆ ಹನ್ನೊಂದಕ್ಕೆ, ಆಗ ನಮಗೆ ಮಧ್ಯಾಹ್ನ ಎರಡೂವರೆ. ಏನೇ ಕೇಳುವುದಿದ್ದರೂ ಫೋನ್ ಮಾಡಿ. ಲಲಿತಾ.'

ಸರ್ ಓದಿ ಖುಷಿಯಾದರು. "ನೀ ಇಲ್ದಿದ್ರೆ ನನ್ನ ಕತೆ ಎಂತಾ ಮಾರಾಯ್ತಿ!" ಎಂದರು.

ಭಾಷಣದ ದಿನ ರಜೆ ಹಾಕಿ ಹಾರವಾಡಕ್ಕೆ ಹೋದೆ. ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಹೆಸರಿಲ್ಲ ಎಂದಾಗ ಅವನು ತಲೆ ಬಗ್ಗಿಸಿ ಕತ್ತಿ ಮಸೆಯುತ್ತಲೇ ಇದ್ದ. ಅಳಿಸಿದ್ದಾರೆ ಎಂದಾಗ ಮಾತ್ರ ತಲೆ ಎತ್ತಿದ. "ಎಂತಾ? ನಂಗೆ ಅಷ್ಟಮಿ ತಪ್ತದೆ ಅಂದ್ರಾ?" ಎಂದ. ಅಪ್ಪನಿಗೆ ಅಷ್ಟು ಸಿಟ್ಟು ಬಂದಿದ್ದನ್ನು ನಾನು ನೋಡಿರಲಿಲ್ಲ.

ಮೂರು ಗಂಟೆಗೆ ಹತ್ತು ನಿಮಿಷ ಇರುವಾಗ ಫೋನ್ ಬಂತು. ಸ್ಪೀಕರ್ ಹಾಕಿದೆ.

"ಲಲಿತಾ, ಬೇಗ ಹೇಳು!" ಸರ್ ಪಿಸುಗುಟ್ಟಿದರು. "ಹದಿನೈದರ ನಂತ್ರ ಎಂತಕ್ಕೆ ಏನೂ ಇಲ್ಲ ಅಂತ ಕೇಳ್ತಿದ್ದಾರೆ. ಇಲ್ಲಿಯವ್ರಿಗೆ ಉಬ್ಬರ ಇಳಿತ ಎಲ್ಲಾ ಬಾಯಿಪಾಠ. ನಾ ವೇದಿಕೆ ಮೇಲೇ ಇದ್ದೇನೆ, ಎಲ್ರೂ ಕಾಯ್ತಿದ್ದಾರೆ."

"ಬರ್ದವರನ್ನೇ ಕೇಳ್ಬೇಕು ಸರ್. ಇಲ್ಲೇ ಕೂತಿದ್ದಾರೆ. ಬರ್ದದ್ದು ಯಾರು ಅಂತ ಮೊದ್ಲು ಮೈಕಲ್ಲಿ ಹೇಳಿ."

"ಇದು ತಮಾಷೆ ಮಾಡು ಹೊತ್ತಾ?"

"ಅಲ್ಲ ಸರ್. ಹೇಳುದಿಲ್ಲ ಅಂದ್ರೆ ಫೋನ್ ಇಡ್ತೇನೆ."

ಆ ಕಡೆ ಯಾರೋ ಕೆಮ್ಮಿದರು. ಆಮೇಲೆ ಸರ್ ಇಂಗ್ಲಿಷಿನಲ್ಲಿ, ಇದನ್ನು ಬರೆದದ್ದು ಹೊನ್ನ ಗೌಡ ಎಂದರು. ಹೆಂಗಸೊಬ್ಬಳು ಹೆಸರನ್ನು ಇನ್ನೊಮ್ಮೆ ಕೇಳಿದಳು. ಸರ್ ಅಕ್ಷರ ಅಕ್ಷರ ಬಿಡಿಸಿ ಹೇಳಿದರು. ನನ್ನ ಕಣ್ಣು ತುಂಬಿತು.

ಅಪ್ಪ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡ. "ಸಾಹೇಬ್ರೇ, ಅದು ತಿಥಿ. ತಾರೀಕಲ್ಲ. ಒಂದು ತಿಂಗ್ಳಿಗೆ ಎರಡು ಅಷ್ಟಮಿ ಇರ್ತದೆ. ನಂಗೆ ತಪ್ಪಿದ್ದಲ್ಲ, ನೀವು ಅಳ್ಸಿದ್ದು. ಈಗ ಅದನ್ನ ಅವ್ರಿಗೆ ಇಂಗ್ಲಿಷಲ್ಲಿ ಹೇಳಿ. ನೀವೇ ಅಳ್ಸಿದ್ದು ಅಂತನೂ ಹೇಳಿ. ನನ್ನ ಮಗ್ಳು ಕೇಳ್ತಾ ಇದ್ದಾಳೆ, ಅವ್ಳಿಗೆ ಇಂಗ್ಲಿಷ್ ಬತ್ತದೆ."

ಸರ್ ಹೇಳತೊಡಗಿದರು. ಅಪ್ಪ ನನ್ನ ಮುಖ ನೋಡಿದ. ಹೌದು, ಸರಿಯಾಗಿ ಹೇಳುತ್ತಿದ್ದಾರೆ ಎಂದು ನಾನು ತಲೆಯಾಡಿಸಿದೆ. ಎಲ್ಲ ಮುಗಿಯುವವರೆಗೂ ಅಪ್ಪ ಫೋನ್ ಕೆಳಗಿಡಲಿಲ್ಲ.

"ಮತ್ತೆ, ಸಾಹೇಬ್ರೇ," ಎಂದ ಕೊನೆಗೆ, "ಚಾಕಲೇಟ್ ತರುದು ಬ್ಯಾಡ. ನನ್ನ ನೋಟುಬುಕ್ಕು ಎಲ್ಲಾ ತಂದು ಕೊಡಿ."